ಅಕ್ಕ ಹಾಡಿದ ಸಿಡಿ

ಹಳೆಯ ಸಿಡಿಗಳನ್ನು ರಿಪ್ ಮಾಡುವುದು, ಅಂದರೆ ಅದರಲ್ಲಿರುವ ಹಾಡುಗಳನ್ನು ಕಂಪ್ಯೂಟರ್ ಫೈಲ್ ಮಾಡಿ ಇಡುವುದು ನನ್ನ ಕೆಲಸ. ಬೆಂಗಳೂರಿನ ಒಂದು ಸಣ್ಣ ಸ್ಟುಡಿಯೋದಲ್ಲಿದ್ದೇನೆ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸಿಡಿ ಡ್ರೈವ್ ಇರುವುದಿಲ್ಲ, ಆದರೆ ಮನೆಗಳ ಬೀರುವಿನಲ್ಲಿ ಸಿಡಿಗಳು ಹಾಗೇ ಇವೆ. ಅವನ್ನು ಜನ ರಟ್ಟಿನ ಡಬ್ಬದಲ್ಲಿ ತುಂಬಿಕೊಂಡು ಬರುತ್ತಾರೆ.

ಸೇರಿದ ಮೊದಲ ವರ್ಷ ನಾನು ಮಾಡಿದ ಒಂದು ತಪ್ಪಿನ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ಮಲ್ಲೇಶ್ವರದ ಒಬ್ಬ ಹಿರಿಯರು ಸುಮಾರು 300 ಸಿಡಿ ತಂದುಕೊಟ್ಟರು. ಕರ್ನಾಟಕ ಸಂಗೀತವೇ ಜಾಸ್ತಿ, ಜೊತೆಗೆ ಒಂದಷ್ಟು ಭಾವಗೀತೆ. ಅವರಿಗೂ ಅವರ ಗೆಳೆಯರಿಗೂ ಸಿಡಿ ಅದಲುಬದಲು ಮಾಡಿಕೊಳ್ಳುವ ಅಭ್ಯಾಸ. ಎರಡೆರಡು ಇರುವುದನ್ನು ಕೊಟ್ಟು, ಇಲ್ಲದ್ದನ್ನು ತಗೊಳ್ಳುತ್ತಾರೆ. ಕಾಪಿ ಮಾಡಿ ಹಂಚುವುದಿಲ್ಲ. ಡಿಸ್ಕೇ ಕೈ ಬದಲಾಗಬೇಕು ಅನ್ನುವುದು ಅವರ ಕಟ್ಟುನಿಟ್ಟು.

ಆ ರಾಶಿಯಲ್ಲಿ ಮನೆಯಲ್ಲೇ ಕಂಪ್ಯೂಟರಿನಿಂದ ಖಾಲಿ ಡಿಸ್ಕ್‌ಗೆ ಬರೆದ ಒಂದು ಸಿಡಿ ಇತ್ತು. ಅವರ ಅಕ್ಕ ಮನೆಯಲ್ಲಿ ನಡೆದ ಸಂಗೀತ ಕಛೇರಿಯಲ್ಲಿ ಹಾಡಿದ್ದು. ಅಕ್ಕ ಈಗಿಲ್ಲ.

ನನಗೆ ಬೇಗ ಮುಗಿಸುವ ಆತುರ. ರಿಪ್ ಮಾಡುವ ಎಕ್ಸಾಕ್ಟ್ ಆಡಿಯೋ ಕಾಪಿ ಅನ್ನುವ ಸಾಫ್ಟ್‌ವೇರ್‌ನಲ್ಲಿ ವೇಗದ ಬರ್ಸ್ಟ್ ಮೋಡ್ ಇಟ್ಟೆ. ಒಂದು ಸಿಡಿಗೆ ನಾಲ್ಕೈದು ನಿಮಿಷ, ಮುಗೀತು. ಎರಡು ವಾರದಲ್ಲಿ ಎಲ್ಲವನ್ನೂ ವಾಪಸ್ ಕೊಟ್ಟೆ.

ತಿಂಗಳಾದ ಮೇಲೆ ಅವರ ಫೋನ್ ಬಂತು. "ನೋಡಮ್ಮಾ, ಅಕ್ಕನ ಕಾಂಭೋಜಿ ಆಲಾಪನೆ ಮಧ್ಯೆ ಟಕ್ ಟಕ್ ಅಂತಿದೆ. ಒಂದು ಕಡೆ ಸ್ವರಾನೇ ಕೇಳಿಸ್ತಿಲ್ಲ."

ಆಡಿಯೋ ಸಿಡಿಯಲ್ಲಿ ಒಂದು ಸೆಕೆಂಡಿನ ಧ್ವನಿ ಅಂದರೆ, ಪ್ರತಿ ಚಾನೆಲ್‌ಗೆ 44,100 ಸಂಖ್ಯೆಗಳು. ಗೀರು, ಕೊಳೆ ಇದ್ದರೆ ಡ್ರೈವ್ ಸ್ವಲ್ಪ ಮಟ್ಟಿಗೆ ತಾನೇ ಸರಿಮಾಡಿಕೊಳ್ಳುತ್ತದೆ. ಅದು ಆಗದಿದ್ದರೆ ಅಕ್ಕಪಕ್ಕದ ಸಂಖ್ಯೆ ನೋಡಿ ಊಹಿಸುತ್ತದೆ. ಅದೂ ಆಗದಿದ್ದರೆ ಆ ಜಾಗ ಖಾಲಿ. ಬರ್ಸ್ಟ್ ಮೋಡ್‌ನಲ್ಲಿ ಡ್ರೈವ್ ಒಂದು ಸಲ ಕೊಟ್ಟಿದ್ದೇ ಕೊನೆ, ಮತ್ತೆ ಓದಿ ನೋಡುವುದಿಲ್ಲ. ಮನೆಯಲ್ಲಿ ಬರೆದ ಡಿಸ್ಕ್‌ನಲ್ಲಿ ಧ್ವನಿ ಕೂತಿರುವುದು ಬಣ್ಣದ ಒಂದು ತೆಳು ಪದರದಲ್ಲಿ. ಬಿಸಿಲು, ಸೆಖೆ ತಗುಲಿದರೆ ಅದು ಮಾಸುತ್ತದೆ.

ಅಂಗಡಿಯ ಸಿಡಿಯಾದರೆ ಪರೀಕ್ಷೆ ಸುಲಭ. ಅದೇ ಡಿಸ್ಕನ್ನು ಬೇರೆಯವರೂ ರಿಪ್ ಮಾಡಿರುತ್ತಾರೆ. ಅಕ್ಯುರೇಟ್‌ರಿಪ್ ಅನ್ನುವ ಡೇಟಾಬೇಸ್ ನಮ್ಮದನ್ನು ಅವರದಕ್ಕೆ ಹೋಲಿಸಿ ಹೇಳುತ್ತದೆ. ಆದರೆ ಅಕ್ಕನ ಸಿಡಿ ಜಗತ್ತಿನಲ್ಲಿ ಇರುವುದೇ ಒಂದು. ಅದಕ್ಕೆ ಸಾಕ್ಷಿ ಹೇಳಲು ಇನ್ನೊಬ್ಬರಿಲ್ಲ. ನಾನೇ ಎರಡು ಸಲ, ಎರಡು ಡ್ರೈವ್‌ನಲ್ಲಿ ಓದಿಸಿ ಹೋಲಿಸಬೇಕಿತ್ತು. ಯಾವ ಡಿಸ್ಕ್‌ಗೆ ಎಲ್ಲಕ್ಕಿಂತ ಜಾಸ್ತಿ ಸಮಯ ಕೊಡಬೇಕಿತ್ತೋ, ಅದಕ್ಕೂ ನಾಲ್ಕೇ ನಿಮಿಷ ಕೊಟ್ಟಿದ್ದೆ.

"ಸರ್, ಸಿಡಿ ತನ್ನಿ, ಮತ್ತೆ ಮಾಡಿಕೊಡ್ತೀನಿ" ಅಂದೆ. ಅವರು ಕೇಸ್ ತೆಗೆದು ನೋಡಿದರೆ ಒಳಗೆ ಬೇರೆ ಯಾವುದೋ ವೀಣೆಯ ಸಿಡಿ.

ವಾಪಸ್ ಇಡುವಾಗ ನಾನು ಕೇಸ್ ಅದಲುಬದಲು ಮಾಡಿದ್ದೆ. ಸಾಮಾನ್ಯವಾಗಿ ಸಿಡಿಯೊಳಗೆ ಹಾಡಿನ ಹೆಸರು, ಹಾಡಿದವರ ಹೆಸರು ಬರೆದಿರುವುದಿಲ್ಲ. ಕಂಪ್ಯೂಟರಿನಲ್ಲಿ ಕಾಣುವ ಹೆಸರುಗಳು ಇಂಟರ್‌ನೆಟ್‌ನಿಂದ ಬರುವಂಥವು. ಮನೆಯ ಸಿಡಿಗೆ ಕೇಸಿನ ಮೇಲಿನ ಕೈಬರಹವೇ ಗುರುತು. ವೀಣೆಯ ಆ ಸಿಡಿ ಅವರ ಹತ್ತಿರ ಎರಡಿತ್ತು. ಹಾಗಾಗಿ ಅದರ ಕೇಸನ್ನು, ಒಳಗೆ ಅಕ್ಕನ ಡಿಸ್ಕ್ ಇರುವುದು ಗೊತ್ತಿಲ್ಲದೆ, ಆಗಲೇ ಧಾರವಾಡದ ಗೆಳೆಯರೊಬ್ಬರಿಗೆ ಕೊಟ್ಟುಬಿಟ್ಟಿದ್ದರು.

ಅವತ್ತು ನನಗೆ ಊಟ ಸೇರಲಿಲ್ಲ. ಧಾರವಾಡದವರು ಇನ್ನೂ ಕೇಸ್ ತೆರೆದೇ ಇರಲಿಲ್ಲವಂತೆ. ಮೂರನೇ ದಿನ ಕೊರಿಯರ್‌ನಲ್ಲಿ ಡಿಸ್ಕ್ ಬಂತು.

ಮೆತ್ತನೆ ಬಟ್ಟೆಯಲ್ಲಿ ಮಧ್ಯದಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿದೆ. ಸುತ್ತ ತಿರುಗಿಸಿ ಒರೆಸಿದರೆ ಬೀಳುವ ಗೀರು ಧ್ವನಿಯ ಹಾದಿಯುದ್ದಕ್ಕೂ ಹೋಗುತ್ತದೆ, ಅದನ್ನು ಸರಿಮಾಡುವುದು ಡ್ರೈವ್‌ಗೆ ಕಷ್ಟ. ಈ ಸಲ ಮತ್ತೆ ಮತ್ತೆ ಓದಿ ಹೋಲಿಸುವ ಸೆಕ್ಯೂರ್ ಮೋಡ್, ನಿಧಾನದ ವೇಗ. ಮೊದಲ ಡ್ರೈವ್ ಅದೇ ಜಾಗದಲ್ಲಿ ಮತ್ತೆ ಮತ್ತೆ ನಿಂತಿತು. ಸ್ಟುಡಿಯೋದ ಮೂಲೆಯಲ್ಲಿದ್ದ ಹಳೆಯ ಡ್ರೈವ್ ಮಾತ್ರ ಚೆನ್ನಾಗಿ ಓದಿತು. ಎರಡು ಸಲ ಓದಿಸಿದೆ. ಒಂದು ಟ್ರ್ಯಾಕ್ ಬಿಟ್ಟು ಉಳಿದೆಲ್ಲದರ ಚೆಕ್‌ಸಮ್, ಅಂದರೆ ಓದಿದ್ದರಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ, ಎರಡೂ ಸಲ ತಾಳೆಯಾಯಿತು. ಎಂಪಿ3 ಮಾಡಲಿಲ್ಲ, ಫ್ಲ್ಯಾಕ್ ಅನ್ನುವ ಫೈಲ್ ಬಗೆಯಲ್ಲಿ ಉಳಿಸಿದೆ. ಫೈಲ್ ದೊಡ್ಡದು, ಆದರೆ ಸಿಡಿಯಿಂದ ಓದಿದ ಒಂದು ಸಂಖ್ಯೆಯೂ ಅದರಲ್ಲಿ ಕಳೆಯುವುದಿಲ್ಲ.

ಈಗ ಯಾವ ಡಬ್ಬ ಬಂದರೂ ಮನೆಯಲ್ಲಿ ಬರೆದ ಸಿಡಿಗಳನ್ನು ಮೊದಲು ಬೇರೆ ಎತ್ತಿಡುತ್ತೇನೆ. ಕೇಸಿಗೂ ಒಳಗಿನ ಡಿಸ್ಕ್‌ಗೂ ಒಂದೇ ನಂಬರ್ ಹಾಕಿ, ಎರಡರದೂ ಒಟ್ಟಿಗೆ ಫೋಟೋ ತೆಗೆಯುತ್ತೇನೆ. ಒಂದು ಸಮಯಕ್ಕೆ ಮೇಜಿನ ಮೇಲೆ ತೆರೆದ ಕೇಸ್ ಒಂದೇ. ಕೊಟ್ಟವರು ಮನೆಯಲ್ಲಿ ಪೂರ್ತಿ ಕೇಳಿ ಹೇಳುವ ತನಕ ಫೈಲ್ ಅಳಿಸುವುದಿಲ್ಲ.

ಕಾಂಭೋಜಿಯ ಒಂದು ಕ್ಷಣ ಮಾತ್ರ ಕೊನೆಗೂ ಸಿಗಲಿಲ್ಲ. ಆ ಜಾಗ ಯಾವುದು ಅಂತ ಬರೆದು ಫೈಲ್ ಜೊತೆ ಇಟ್ಟು, ಅವರಿಗೂ ತೋರಿಸಿದೆ. ಕ್ಷಮೆ ಕೇಳಿದೆ. ಅವರು ಹೆಡ್‌ಫೋನ್ ಹಾಕಿಕೊಂಡು ಅಲ್ಲಿಯವರೆಗೆ ಕೇಳಿದರು.

"ಇರಲಿ ಬಿಡಮ್ಮಾ, ಇಲ್ಲಿ ಅಕ್ಕ ಹೇಗೆ ಹೋಗ್ತಿದ್ಲು ಅಂತ ನನಗೆ ಗೊತ್ತು" ಅಂದರು. ಮೆಲ್ಲಗೆ ಹಾಡಿ ತೋರಿಸಿದರು.