ಏಳು ಕಾಫಿ ಬೀಜದ ಕತೆ ನಿಜವಾ?

ಕಾಸರಗೋಡಿನ ಬದಿಯಡ್ಕದ ಈ ಕಡೆ ನಮ್ಮ ಮನೆಗಳಲ್ಲಿ ಬೆಳಗಿನ ತಿಂಡಿಗೇ ಕಾಪಿ ಎಂದು ಹೆಸರು. ‘ಕಾಪಿ ಆತೊ?’ ಎಂದರೆ ದೋಸೆ ತಿಂದಾಯಿತಾ ಎಂದರ್ಥ. ಆದರೂ ಅಡಿಕೆ ತೋಟದ ನಡುವೆ ಕಾಫಿ ಗಿಡ ಕಂಡ ನೆಂಟರಿಗೆಲ್ಲ ಆಶ್ಚರ್ಯ. ತೋಟಕ್ಕೆ ಒಂದು ಸುತ್ತು ಬಂದು ಜಗಲಿಯಲ್ಲಿ ಕೂತ ಮೇಲೆ ಕೇಳುವುದು ಒಂದೇ ಪ್ರಶ್ನೆ: ‘ಭಾವ, ಬಾಬಾ ಬುಡನ್ ಏಳು ಬೀಜ ತಂದದ್ದು ನಿಜವಾ?’

ಹಜ್ ಯಾತ್ರೆ ಮುಗಿಸಿ ಬರುವಾಗ ಈ ಸೂಫಿ ಸಂತರು ಯೆಮನಿನ ಮೋಖಾದಿಂದ ಏಳು ಬೀಜ ಗುಟ್ಟಾಗಿ ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟದಲ್ಲಿ ಬಿತ್ತಿದರು ಎಂಬುದು ಕತೆ. ಕಾಲ 17ನೆಯ ಶತಮಾನ. ಗಡ್ಡದಲ್ಲಿ ಅಡಗಿಸಿದ್ದರು ಎನ್ನುವವರಿದ್ದಾರೆ, ಹೊಟ್ಟೆಗೆ ಕಟ್ಟಿಕೊಂಡಿದ್ದರು ಎನ್ನುವವರೂ ಇದ್ದಾರೆ. ಎಲ್ಲಿಯೂ ಮೊಳೆಯಬಾರದೆಂದು ಹುರಿದೋ ಬೇಯಿಸಿಯೋ ಮಾತ್ರ ಅಲ್ಲಿಂದ ಬೀಜ ಹೊರಗೆ ಬಿಡುತ್ತಿದ್ದರಂತೆ.

ತಂದದ್ದನ್ನು ನಾನು ನಂಬುತ್ತೇನೆ. ಏಳು ಎಂಬ ಲೆಕ್ಕ ಭಕ್ತಿಯದ್ದು. ಹಜ್‌ನಲ್ಲಿ ಮೆಕ್ಕಾದ ಕಾಬಾಕ್ಕೆ ಬರುವ ಸುತ್ತೂ ಏಳೇ ಅಲ್ಲವೇ. ಆದರೆ ಏಳೇ ಬೀಜದಿಂದ ಒಂದು ಬೆಟ್ಟ ತುಂಬೀತೇ ಎಂದರೆ, ಖಂಡಿತ ತುಂಬೀತು. ಅವರು ತಂದದ್ದು ಅರೇಬಿಕಾ ಎಂಬ ಜಾತಿಯ ಕಾಫಿ, ಅದರ ಹೂವಿಗೆ ತನ್ನದೇ ಪರಾಗ ಸಾಕು. ಒಂಟಿ ಗಿಡವೂ ಕಾಯಿ ಬಿಡುತ್ತದೆ, ಆ ಕಾಯಿಯಿಂದ ಮತ್ತೆ ಸಸಿ.

ಬೀಜ ಮೊಳೆಯುವುದನ್ನು ಹತ್ತಿರದಿಂದ ನೋಡಿದ ಮೇಲೆ ನನಗೆ ಈ ಕತೆ ಇನ್ನಷ್ಟು ಇಷ್ಟವಾಯಿತು. ಹಣ್ಣು ಹಿಚುಕಿದರೆ ಎರಡು ಬೀಜ ಜಾರಿ ಬರುತ್ತವೆ, ಕೈಯೆಲ್ಲ ಲೋಳೆ. ಬೂದಿಯಲ್ಲಿ ಹೊರಳಿಸಿ, ನೆರಳಲ್ಲಿ ಆರಿಸಿ, ಚಪ್ಪಟೆ ಬದಿ ಕೆಳಗಾಗಿ ಮರಳಲ್ಲಿ ಊರಬೇಕು. ಆಮೇಲೆ ಸುಮಾರು 45 ದಿನ ಮೇಲೆ ಏನೂ ಕಾಣುವುದಿಲ್ಲ. ಒಂದು ಬೆಳಗ್ಗೆ ನೋಡಿದರೆ ಎಳೆ ಕಾಂಡವೊಂದು ಇಡೀ ಬೀಜವನ್ನು ಟೊಪ್ಪಿಯ ಹಾಗೆ ತಲೆಯ ಮೇಲೆ ಹೊತ್ತು ನಿಂತಿರುತ್ತದೆ. ಹಡಗಿನಲ್ಲಿ ಅಷ್ಟು ದೂರ ಬಂದ ಬೀಜಕ್ಕೆ ಆ ಜೀವ ಉಳಿದದ್ದೇ ದೊಡ್ಡದು. ಹಳೆಯದಾದಷ್ಟೂ ಅದು ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ.

ಇನ್ನೊಂದು ಸಂಗತಿ ನಮ್ಮ ಕರಾವಳಿಯದ್ದೇ. 1696ರಲ್ಲಿ ಡಚ್ಚರು ಜಾವಾಕ್ಕೆ ಕಾಫಿ ಸಸಿ ಒಯ್ದದ್ದು ಮಲಬಾರಿನಿಂದ. ಅವು ನೆರೆಗೆ ಹೋದವು. 1699ರಲ್ಲಿ ಮತ್ತೆ ಒಯ್ದರು, ಅವು ಹಿಡಿದವು. ಜಾವಾದಿಂದ ಆಮ್‌ಸ್ಟರ್‌ಡ್ಯಾಮ್, ಅಲ್ಲಿಂದ ಪ್ಯಾರಿಸ್, ಆಮೇಲೆ ಅಮೆರಿಕದ ದ್ವೀಪಗಳು. ಅಂದರೆ ಅಷ್ಟರೊಳಗೆ ಯಾರೋ ಈ ನೆಲಕ್ಕೆ ಕಾಫಿ ತಂದಾಗಿತ್ತು. ಆ ಯಾರೋ ನಮ್ಮ ಸಂತರೇ ಎಂದು ಜನ ನೆನಪಿಟ್ಟುಕೊಂಡು ಬಂದದ್ದಕ್ಕೆ ನಾನು ಬೆಲೆ ಕೊಡುತ್ತೇನೆ.

ಕಾಫಿಯನ್ನು ಮೊದಲು ಕಂಡವನು ಎನ್ನುವ ಇಥಿಯೋಪಿಯದ ಆಡುಗಾಹಿ ಕಾಲ್ದಿಯ ಕತೆಯನ್ನೂ ಕೆಲವರು ಎತ್ತುತ್ತಾರೆ: ಕೆಂಪು ಹಣ್ಣು ತಿಂದ ಆಡುಗಳು ಕುಣಿದವಂತೆ. ಅದರ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ಯೆಮನಿನ ಸೂಫಿಗಳು ರಾತ್ರಿಯ ಪ್ರಾರ್ಥನೆಗೆ ನಿದ್ದೆ ತಡೆಯಲು ಕಾಫಿ ಕುಡಿಯುತ್ತಿದ್ದದ್ದು 15ನೆಯ ಶತಮಾನದಲ್ಲಿ. ಆಡಿನ ಕತೆ ಪುಸ್ತಕಕ್ಕೆ ಬಂದದ್ದು 1671ರಲ್ಲಿ, ಅದೂ ರೋಮಿನಲ್ಲಿ.

ಹಾಗಾದರೆ ನಿಮ್ಮ ತೋಟದ್ದು ಬಾಬಾ ಬುಡನ್ ಗಿಡವಾ ಎಂದರೆ, ಅಲ್ಲ. ಅವರದ್ದು ಅರೇಬಿಕಾ, ಎತ್ತರದ ತಂಪು ಬೇಕು. ನಮ್ಮ ಸೆಕೆಗೆ ಒಗ್ಗುವುದು ರೊಬಸ್ಟಾ ಎಂಬ ಇನ್ನೊಂದು ಜಾತಿ. ಆಫ್ರಿಕಾದ ತಗ್ಗಿನ ಕಾಡಿನ ಗಿಡ. ಅದು ತನ್ನದೇ ಪರಾಗಕ್ಕೆ ಕಾಯಿ ಕಟ್ಟುವುದಿಲ್ಲ, ಪಕ್ಕದ ಗಿಡದ್ದು ಬೇಕು. ಆದ್ದರಿಂದ ಬೀಜ ಕೇಳುವವರಿಗೆ ನಾನು ಹೇಳುವುದಿಷ್ಟೇ: ಹಣ್ಣಾಗುವ ಜನವರಿಯಲ್ಲಿ ಬನ್ನಿ, ಬೇರೆ ಬೇರೆ ಗಿಡದ್ದು ಒಂದು ಮುಷ್ಟಿ ಕೊಡುತ್ತೇನೆ. ಒಂಟಿ ಗಿಡ ಮಾತ್ರ ನೆಡಬೇಡಿ.