ತಮಾಷೆಗೆ ಅಂದಿದ್ದು

29 ಜುಲೈ 2023, ಶನಿವಾರ
ಶಿವಮೊಗ್ಗ

ಮೊಹರಂ ರಜೆ. ರಾತ್ರಿ ಹಿಡಿದ ಮಳೆ ಇನ್ನೂ ಬಿಟ್ಟಿಲ್ಲ. ಕಾಫಿ ಲೋಟ ಹಿಡಿದು ಕಿಟಕಿ ಹತ್ತಿರ ಕೂತು ಫೋನ್ ತೆಗೆದೆ. ಇಂಗ್ಲೆಂಡಿನ ಯಾರ್ಕ್‌ಶೈರ್ ಕೌಂಟಿ ಕ್ರಿಕೆಟ್ ಕ್ಲಬ್ಬಿಗೆ, ಅಲ್ಲಿ ನಡೆದ ಜನಾಂಗೀಯ ನಿಂದನೆಯ ವಿಷಯದಲ್ಲಿ, ನಿನ್ನೆ ಶಿಕ್ಷೆ ಆಗಿದೆ. 4 ಲಕ್ಷ ಪೌಂಡ್ ದಂಡ. ಅದರಲ್ಲಿ 3 ಲಕ್ಷ ಸದ್ಯಕ್ಕೆ ಕಟ್ಟಬೇಕಿಲ್ಲ, ಅಮಾನತಿನಲ್ಲಿ ಇಟ್ಟಿದ್ದಾರೆ. ಕೌಂಟಿ ಚಾಂಪಿಯನ್‌ಶಿಪ್‌ನಲ್ಲಿ 48 ಅಂಕ ಕಡಿತ. ಅಲ್ಲಿ ಆಡುತ್ತಿದ್ದ ಅಜೀಂ ರಫೀಕ್ ಅದರ ಬಗ್ಗೆ ಬಾಯಿ ಬಿಟ್ಟು ಮೂರು ವರ್ಷ ಆಗುತ್ತಾ ಬಂತು.

ನಮ್ಮ ಹಳೇ ಕ್ರಿಕೆಟ್ ಗೆಳೆಯರ ವಾಟ್ಸ್‌ಆ್ಯಪ್ ಗುಂಪಿಗೆ ಆ ಸುದ್ದಿ ಹಾಕಿದೆ. ಎರಡು ನಿಮಿಷದಲ್ಲಿ ಒಬ್ಬ ಬರೆದ: "ಡ್ರೆಸ್ಸಿಂಗ್ ರೂಮಲ್ಲಿ ತಮಾಷೆಗೆ ಅಂದಿದ್ದಕ್ಕೆ ಇಷ್ಟೆಲ್ಲ ರಾದ್ಧಾಂತ ಬೇಕಿತ್ತಾ ಮಾರಾಯ?" ನಾಲ್ಕು ಜನ ಅದಕ್ಕೆ ಹೆಬ್ಬೆರಳು ಎತ್ತಿದರು.

ಉತ್ತರ ಬರೆಯೋಕೆ ಹೋದೆ. ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ರಫೀಕ್ ಹುಟ್ಟಿದ್ದು ಕರಾಚಿಯಲ್ಲಿ. ಹತ್ತು ವರ್ಷದ ಹುಡುಗನಾಗಿದ್ದಾಗ ಮನೆಯವರ ಜೊತೆ ಯಾರ್ಕ್‌ಶೈರಿನ ಬಾರ್ನ್ಸ್‌ಲಿಗೆ ಬಂದರು. ಆಫ್ ಸ್ಪಿನ್ನರ್. 2012ರಲ್ಲಿ, ಇನ್ನೂ 21 ವರ್ಷ, ಟಿ20ಯಲ್ಲಿ ಯಾರ್ಕ್‌ಶೈರ್ ತಂಡದ ನಾಯಕ ಆದರು. ಏಷ್ಯಾ ಮೂಲದವರೊಬ್ಬರು ಆ ಕ್ಲಬ್ಬನ್ನು ಮುನ್ನಡೆಸಿದ್ದು ಅದೇ ಮೊದಲು. ಅದು ಎಂಥ ಕ್ಲಬ್ಬು ಅಂದರೆ, ಆ ಕೌಂಟಿಯಲ್ಲಿ ಹುಟ್ಟಿದವರಿಗೆ ಮಾತ್ರ ಜಾಗ ಅನ್ನೋ ಕಟ್ಟುಪಾಡು ಅಲ್ಲಿ ಬಹಳ ಕಾಲ ಇತ್ತು. 1992ರಲ್ಲಿ ನಮ್ಮ ಸಚಿನ್ ಅಲ್ಲಿ ಆಡೋಕೆ ಹೋದಾಗ, ಅವರೇ ಆ ಕ್ಲಬ್ಬಿನ ಮೊದಲ ವಿದೇಶಿ ಆಟಗಾರ. ನಾನು ಆಗ ಅದನ್ನು ಪೇಪರಲ್ಲಿ ಓದಿ ಹೆಮ್ಮೆ ಪಟ್ಟಿದ್ದೆ.

2020ರ ಸೆಪ್ಟೆಂಬರಿನಲ್ಲಿ ರಫೀಕ್ ಮಾತಾಡಿದರು. ಆ ಕ್ಲಬ್ಬಿನಲ್ಲಿ ಇದ್ದಾಗ ಜೀವ ತೆಗೆದುಕೊಳ್ಳುವ ಹತ್ತಿರ ಹೋಗಿದ್ದೆ ಅಂದರು. ಕ್ಲಬ್ಬು ವಿಚಾರಣೆ ಮಾಡಿಸಿತು. ಅದು ಒಂದು ವರ್ಷ ಹಿಡಿಯಿತು. 43 ದೂರುಗಳಲ್ಲಿ 7 ನಿಜ ಅಂತ ಒಪ್ಪಿದರು. ಆಮೇಲೆ, ಯಾರ ಮೇಲೂ ಕ್ರಮ ಇಲ್ಲ ಅಂತ ಹೇಳಿ ಕೈತೊಳೆದುಕೊಂಡರು. ಅಷ್ಟರಲ್ಲಿ ಆ ವರದಿಯ ಒಂದು ಮಾತು ಹೊರಗೆ ಬಂತು. ರಫೀಕ್ ಅವರನ್ನು ಜೊತೆಗಾರನೊಬ್ಬ "ಪಾಕಿ" ಅಂತ ಕರೆಯುತ್ತಿದ್ದದ್ದು ನಿಜವೇ, ಆದರೆ ಅದು ಗೆಳೆಯರ ನಡುವಿನ ತಮಾಷೆ ಅಂತ.

ನಮ್ಮ ಗುಂಪಿನವರಿಗೆ ಇಲ್ಲೇ ಎಡವಟ್ಟಾಗೋದು. ಪಾಕಿಸ್ತಾನದವನನ್ನು ಪಾಕಿ ಅಂದರೆ ಏನು ತಪ್ಪು ಅಂತ ಕೇಳುತ್ತಾರೆ. ಇಂಗ್ಲೆಂಡಿನಲ್ಲಿ ಅದು ಊರಿನ ಹೆಸರಿನ ಮೊಟಕು ರೂಪ ಅಲ್ಲ. 70, 80ರ ದಶಕದಲ್ಲಿ ಅಲ್ಲಿಯ ಬೀದಿಗಳಲ್ಲಿ ಕಂದು ಮೈಬಣ್ಣದವರನ್ನು ಅಟ್ಟಿಸಿಕೊಂಡು ಹೋಗಿ ಹೊಡೆಯುವಾಗ ಕೂಗುತ್ತಿದ್ದ ಮಾತು ಅದು. ಹೊಡೆಯುವವರು ಪಾಸ್‌ಪೋರ್ಟ್ ನೋಡುತ್ತಿರಲಿಲ್ಲ. ಗುಜರಾತಿನವನಿಗೂ ಅದೇ, ಪಂಜಾಬಿನವನಿಗೂ ಅದೇ, ಢಾಕಾದವನಿಗೂ ಅದೇ. ಅಲ್ಲಿಗೆ ಹೋದರೆ ನನಗೂ ಅದೇ.

2021ರ ನವೆಂಬರ್ 16ರಂದು ರಫೀಕ್ ಬ್ರಿಟನ್ ಸಂಸತ್ತಿನ ಸಮಿತಿ ಎದುರು ಕೂತರು. ಮಧ್ಯಾಹ್ನ ಆಫೀಸಿನಲ್ಲಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಪೂರ್ತಿ ನೋಡಿದೆ. 15ನೇ ವಯಸ್ಸಿನಲ್ಲಿ, ಮುಸ್ಲಿಂ ಹುಡುಗ, ಊರಿನ ಸ್ಥಳೀಯ ಕ್ಲಬ್ಬಿನಲ್ಲಿ ಅದುಮಿ ಹಿಡಿದು ಬಾಯಿಗೆ ವೈನ್ ಸುರಿದದ್ದನ್ನು ಹೇಳಿದರು. ಮಗು ಹೊಟ್ಟೆಯಲ್ಲೇ ತೀರಿಹೋದಾಗ ಯಾರ್ಕ್‌ಶೈರ್ ತಂಡದಲ್ಲಿ ತಮ್ಮನ್ನು ನಡೆಸಿಕೊಂಡ ರೀತಿ ಹೇಳುವಾಗ ಗಂಟಲು ಕಟ್ಟಿತು. ಸ್ವಲ್ಪ ಹೊತ್ತು ಸಭೆ ನಿಲ್ಲಿಸಿದರು. ನಾನೂ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ.

ಆದರೆ ಅವತ್ತಿನಿಂದ ನನ್ನ ತಲೆಯಲ್ಲಿ ಕೂತದ್ದು ಒಂದು ಚಿಕ್ಕ ಸಂಗತಿ. ಚೇತೇಶ್ವರ ಪೂಜಾರ ಆ ಕ್ಲಬ್ಬಿಗೆ ಆಡೋಕೆ ಹೋಗಿದ್ದಾಗ, ಹೆಸರು ಹೇಳೋಕೆ ಬರಲ್ಲ ಅಂತ ಅವರನ್ನು "ಸ್ಟೀವ್" ಅಂತ ಕರೆಯುತ್ತಿದ್ದರು. ಬಿಳಿಯರಲ್ಲದ ಇತರರಿಗೂ ಇದೇ ಹೆಸರು ಅಂತ ಅಲ್ಲಿ ಕೆಲಸ ಮಾಡಿದ್ದವರು ಸಾಕ್ಷಿ ಹೇಳಿದ್ದಾರೆ. 2020ರಲ್ಲಿ ಅಡಿಲೇಡ್ ಟೆಸ್ಟಿನ ಕಾಮೆಂಟರಿಯಲ್ಲಿ ಶೇನ್ ವಾರ್ನ್ ಕೂಡ ಹಾಗೇ ಕರೆದರು. ಪೂಜಾರ ಆಗಲೇ ಭಾರತಕ್ಕೆ ಎಪ್ಪತ್ತಕ್ಕಿಂತ ಜಾಸ್ತಿ ಟೆಸ್ಟ್ ಆಡಿದ್ದರು. ಅಷ್ಟು ಆಡಿದ ಮನುಷ್ಯನ ಹೆಸರು ಕಲಿಯೋಕೆ ಎಷ್ಟು ಹೊತ್ತು ಬೇಕು? ತನಗೆ ಚೇತೇಶ್ವರ ಅಂತ ಕರೆದರೇ ಇಷ್ಟ ಅಂತ ಪೂಜಾರ ಮೊದಲೇ ಹೇಳಿಯೂ ಇದ್ದರು. ಆ ಹೆಸರು ಶುರು ಮಾಡಿದ ಬೌಲರ್ ಜಾಕ್ ಬ್ರೂಕ್ಸ್ ಆಮೇಲೆ ಕ್ಷಮೆ ಕೇಳಿದರು.

ನನಗೆ ಇದು ಯಾಕೆ ಚುಚ್ಚುತ್ತದೆ ಅಂದರೆ, ನಾನೂ ಇದನ್ನೇ ಮಾಡಿದ್ದೇನೆ.

1999ರ ಬೇಸಿಗೆ. ನಮ್ಮೂರ ಹೈಸ್ಕೂಲ್ ಮೈದಾನದಲ್ಲಿ ಟೆನಿಸ್ ಬಾಲ್ ಟೂರ್ನಮೆಂಟ್. ಅಕ್ಷರ ಚೆನ್ನಾಗಿದೆ ಅಂತ ನನ್ನನ್ನು ಸ್ಕೋರ್ ಬರೆಯೋಕೆ ಕೂರಿಸಿದ್ದರು. ಶಾಮಿಯಾನದ ಕೆಳಗೆ ಒಂದು ಮರದ ಮೇಜು, ಬೈಂಡ್ ಮಾಡಿದ ಉದ್ದ ಪುಸ್ತಕ, ಪಕ್ಕದಲ್ಲಿ ಮೈಕು. ನಮ್ಮ ತಂಡದಲ್ಲಿ ಒಬ್ಬ ಬೌಲರ್ ಇದ್ದ. ಕರ್ನಾಟಕದ ವೇಗಿ ದೊಡ್ಡ ಗಣೇಶ್ ಅಂದರೆ ಪ್ರಾಣ. ಅವರ ಥರಾನೇ ದೂರದಿಂದ ಓಡಿಬಂದು ಹಾಕುತ್ತಿದ್ದ. ಆಗ ಕರ್ನಾಟಕ ಮೇಲಿಂದ ಮೇಲೆ ರಣಜಿ ಗೆಲ್ಲುತ್ತಿದ್ದ ಕಾಲ. ಅವನ ಹೆಸರು ಏನು ಅಂತ ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಎಲ್ಲರ ಬಾಯಲ್ಲೂ "ಕರಿಯ". ಬ್ಯಾಟ್ಸ್‌ಮನ್‌ಗಳ ಹೆಸರನ್ನು ನಾನು ಇನಿಷಿಯಲ್ ಸಮೇತ ಬರೆದೆ. ಬೌಲಿಂಗ್ ಕಾಲಮ್ಮಿನಲ್ಲಿ ಬರೆದೆ: ಕರಿಯ. ಮೈಕಿನಲ್ಲೂ ಹೇಳಿದೆ: "ಈಗ ಕರಿಯನ ಓವರ್." ಜನ ನಕ್ಕರು. ಅವನೂ ನಕ್ಕ. ಅವನು ನಕ್ಕದ್ದು ನನಗೆ ಚೆನ್ನಾಗಿ ನೆನಪಿದೆ, ಯಾಕಂದರೆ ಇಪ್ಪತ್ತು ವರ್ಷ ಅದೇ ನಗುವನ್ನು ನಾನು ನನ್ನ ಪರವಾದ ಸಾಕ್ಷಿ ಅಂತ ಇಟ್ಟುಕೊಂಡಿದ್ದೆ.

ಸಂಜೆ ಬಹುಮಾನ. ಉತ್ತಮ ಬೌಲರ್ ಅವನೇ. ಸರ್ಟಿಫಿಕೇಟ್ ತುಂಬಿಸಿದ್ದು ನಾನು. ಕೆಂಪು ಇಂಕಿನ ಪೆನ್ನಿನಲ್ಲಿ "ಶ್ರೀ ಕರಿಯ" ಅಂತ ದುಂಡಗೆ ಬರೆದೆ. ಅವನು ವೇದಿಕೆ ಮೇಲೆ ಬಂದು ತಗೊಂಡ, ಓದಿದ, ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿಗೆ ಇಟ್ಟ. ಉಳಿದವರೆಲ್ಲ ಫೋಟೋಗೆ ಬಿಡಿಸಿ ಹಿಡಿದು ನಿಂತಿದ್ದರು. ಮುಂದಿನ ವರ್ಷ ಆಡೋಕೆ ಬರಲಿಲ್ಲ. ಕೆಲಸ ಸಿಕ್ಕಿದೆಯಂತೆ ಅಂದರು. ನಾವು ಬೇರೆ ಬೌಲರ್ ಹುಡುಕಿಕೊಂಡೆವು.

ಕಪ್ಪು ಅನ್ನೋದೇ ಬೈಗುಳ ಅಲ್ಲ. ಕರಿಯಪ್ಪ, ಕರಿಯಮ್ಮ ಅಂತ ದೇವರ ಹೆಸರನ್ನು ಮಕ್ಕಳಿಗೆ ಇಟ್ಟು ಕರೆಯುವವರು ನಾವು. ಅವರ ಮನೆಯವರು ಇಟ್ಟ ಹೆಸರು ಅದು. ಇದು ನಾವು ಇಟ್ಟದ್ದು, ಅವನನ್ನು ಕೇಳದೆ. ಮತ್ತೆ ನಮ್ಮಲ್ಲಿ ಈ ಮಾತು ಬಣ್ಣಕ್ಕೇ ನಿಲ್ಲಲ್ಲ. ಅವನು ಯಾವ ಕೇರಿಯಿಂದ ಬರುತ್ತಿದ್ದ ಅನ್ನೋದು ಎಲ್ಲರಿಗೂ ಗೊತ್ತಿತ್ತು. ನಮ್ಮ ತಂಡದಲ್ಲಿ ಅವನಷ್ಟೇ ಕಪ್ಪಗಿದ್ದವರು ಇನ್ನಿಬ್ಬರು ಇದ್ದರು. ಅವರನ್ನು ಯಾರೂ ಹಾಗೆ ಕರೆಯಲಿಲ್ಲ.

2008ರ ಸಿಡ್ನಿ ಟೆಸ್ಟ್ ಆದಾಗ ನಾವೆಲ್ಲ ಉರಿದುಬಿದ್ದೆವು. ಆಸ್ಟ್ರೇಲಿಯಾದ ಆಂಡ್ರ್ಯೂ ಸೈಮಂಡ್ಸ್ ಅವರನ್ನು ನಮ್ಮ ಹರ್ಭಜನ್ ಮಂಗ ಅಂದರು ಅನ್ನೋದು ಆರೋಪ. ಮೂರು ಟೆಸ್ಟ್ ನಿಷೇಧ. ಒಂದೇ ತಂಡ ಆಟದ ಮರ್ಯಾದೆ ಉಳಿಸಿಕೊಂಡು ಆಡಿತು ಅಂತ ನಮ್ಮ ಅನಿಲ್ ಕುಂಬ್ಳೆ ಹೇಳಿದ್ದು ಅಂಪೈರಿಂಗಿನಿಂದ ಹಿಡಿದು ಆ ಇಡೀ ಪಂದ್ಯದ ಬಗ್ಗೆ. ನಾವು ಅದನ್ನು ಎಲ್ಲದಕ್ಕೂ ಉತ್ತರ ಅಂತ ಎತ್ತಿಕೊಂಡೆವು. ಪ್ರವಾಸವೇ ನಿಲ್ಲುವ ಮಾತು ಬಂತು. ಕೊನೆಗೆ ಅಡಿಲೇಡ್‌ನಲ್ಲಿ ಮೇಲ್ಮನವಿ ಕೇಳಿದ ನ್ಯೂಜಿಲೆಂಡಿನ ನ್ಯಾಯಮೂರ್ತಿ ಜಾನ್ ಹ್ಯಾನ್ಸನ್, ಜನಾಂಗೀಯ ನಿಂದನೆ ಸಾಬೀತಾಗಿಲ್ಲ ಅಂದರು. ಬೈದದ್ದಕ್ಕೆ ಪಂದ್ಯದ ಸಂಭಾವನೆಯ ಅರ್ಧ ದಂಡ ಹಾಕಿದರು. ಸಾಬೀತಾಗಿಲ್ಲ ಅಂದಮೇಲೆ ಇಲ್ಲ. ಅದನ್ನು ನಾನು ಒಪ್ಪುತ್ತೇನೆ.

ಆದರೆ ಅದಕ್ಕೆ ಮೂರು ತಿಂಗಳ ಹಿಂದೆ, 2007ರ ಅಕ್ಟೋಬರಿನಲ್ಲಿ, ಮುಂಬೈ ವಾಂಖೆಡೆಯಲ್ಲಿ ಇದೇ ಸೈಮಂಡ್ಸ್ ಎದುರು ನಮ್ಮ ಜನ ಕಂಕುಳು ಕೆರೆದು ಮಂಗನ ಹಾಗೆ ಆಡಿದ್ದಕ್ಕೆ ಫೋಟೋ ಇದೆ. ಸಾಕ್ಷಿ ಸಾಲದು ಅನ್ನೋ ಪ್ರಶ್ನೆಯೇ ಅಲ್ಲಿ ಇಲ್ಲ. ಆ ಫೋಟೋ ಬಂದ ದಿನ ನಾನು ಉರಿದುಬೀಳಲಿಲ್ಲ. ಸುಮ್ನೆ ಪೇಪರ್ ಮಡಿಸಿ ಇಟ್ಟೆ. ಸೈಮಂಡ್ಸ್ ಕಳೆದ ವರ್ಷ ಮೇ ತಿಂಗಳಲ್ಲಿ ಕಾರ್ ಅಪಘಾತದಲ್ಲಿ ತೀರಿಹೋದರು. ಅವತ್ತು ಆ ಮಡಿಸಿದ ಪೇಪರ್ ಬಹಳ ನೆನಪಾಯಿತು.

2021ರ ಜನವರಿಯಲ್ಲಿ ಅದೇ ಸಿಡ್ನಿಯಲ್ಲಿ ಪ್ರೇಕ್ಷಕರು ನಮ್ಮ ಬೌಲರ್ ಸಿರಾಜ್ ಅವರನ್ನು ಬೈದರು. ಅಪ್ಪ ತೀರಿಹೋಗಿ ಎರಡು ತಿಂಗಳೂ ಆಗಿರಲಿಲ್ಲ, ಮಣ್ಣಿಗೂ ಬಂದಿರಲಿಲ್ಲ ಆ ಹುಡುಗ. ಅವರು ನೇರ ಅಂಪೈರ್ ಹತ್ತಿರ ಹೋಗಿ ಹೇಳಿದರು. ಆಟ ನಿಂತಿತು. ಆರು ಜನರನ್ನು ಎಬ್ಬಿಸಿ ಕಳಿಸಿದರು. ನಾನು ಟಿವಿ ಮುಂದೆ ಎದ್ದು ನಿಂತು ಚಪ್ಪಾಳೆ ಹೊಡೆದೆ. ಅದಕ್ಕೆ ಏಳು ತಿಂಗಳ ಹಿಂದೆ ವೆಸ್ಟ್ ಇಂಡೀಸಿನ ಡ್ಯಾರೆನ್ ಸ್ಯಾಮಿ ಒಂದು ವಿಷಯ ಹೇಳಿದ್ದರು. ಐಪಿಎಲ್‌ನಲ್ಲಿ ಹೈದರಾಬಾದಿಗೆ ಆಡುವಾಗ ತನ್ನನ್ನು "ಕಾಲೂ" (ಹಿಂದಿಯಲ್ಲಿ ಕರಿಯ) ಅಂತ ಕರೆಯುತ್ತಿದ್ದರು, ಬಲಶಾಲಿ ಅಂತ ಅರ್ಥ ಇರಬೇಕು ಅಂದುಕೊಂಡು ತಾನೂ ನಗುತ್ತಿದ್ದೆ, ಈಗ ಅರ್ಥ ಗೊತ್ತಾಯ್ತು ಅಂತ. ಪ್ರೀತಿಯಿಂದ ಕರೆದದ್ದು ಅನ್ನೋ ಉತ್ತರ ಬಂತು. ಸ್ಯಾಮಿ ದೊಡ್ಡ ಮನಸ್ಸು ಮಾಡಿ ಒಪ್ಪಿಕೊಂಡರು. ನಮ್ಮ ಗುಂಪಿನಲ್ಲಿ ಅವತ್ತೂ ಇದೇ ಮಾತು: "ತಮಾಷೆಗೆ ಅಂದಿದ್ದು."

ಅದೇ ತಿಂಗಳು ದೊಡ್ಡ ಗಣೇಶ್ ಕೂಡ ಟ್ವಿಟರ್‌ನಲ್ಲಿ ಬರೆದರು. ತಮಿಳುನಾಡಿನ ಅಭಿನವ್ ಮುಕುಂದ್ ಮೈಬಣ್ಣದ ಬಗ್ಗೆ ಹೇಳಿಕೊಂಡದ್ದನ್ನು ಓದಿ, ತಾನು ಆಡುವ ದಿನಗಳಲ್ಲಿ ಕೇಳಿಸಿಕೊಂಡದ್ದು ನೆನಪಾಯಿತು ಅಂತ. ಕರ್ನಾಟಕಕ್ಕೆ ನೂರಕ್ಕೂ ಹೆಚ್ಚು ಪಂದ್ಯ, ಭಾರತಕ್ಕೆ ನಾಲ್ಕು ಟೆಸ್ಟ್ ಆಡಿದವರು. ಅಷ್ಟು ವರ್ಷ ಅವರು ಹೇಳಲಿಲ್ಲ. ಆಗ ಯಾಕೆ ಹೇಳಲಿಲ್ಲ ಅಂತ ರಫೀಕ್ ಅವರನ್ನೂ ಕೇಳಿದರಲ್ಲ, ಎಲ್ಲರನ್ನೂ ಕೇಳುತ್ತಾರೆ. ಆಗ ಹೇಳಿದ್ದರೆ ಯಾರು ಕೇಳುತ್ತಿದ್ದರು? ಮೈಕ್ ನನ್ನಂಥವನ ಕೈಯಲ್ಲಿ ಇತ್ತಲ್ವಾ?

ರಫೀಕ್ ಪೂರ್ತಿ ಶುದ್ಧ ಅಂತ ನಾನು ಹೇಳುತ್ತಿಲ್ಲ. ಸಂಸತ್ತಿನಲ್ಲಿ ಮಾತಾಡಿದ ಎರಡೇ ದಿನಕ್ಕೆ, 2011ರಲ್ಲಿ ಅವರು ಯಹೂದಿಗಳ ಬಗ್ಗೆ ಕೆಟ್ಟದಾಗಿ ಬರೆದ ಮೆಸೇಜುಗಳು ಹೊರಬಂದವು. ಅದು ನಾನೇ, ನಾಚಿಕೆಯಾಗುತ್ತಿದೆ, ಇದಕ್ಕೆ ನೆಪ ಇಲ್ಲ ಅಂದುಬಿಟ್ಟರು. ತಮಾಷೆ ಅನ್ನೋ ಮಾತು ಅವರ ಬಾಯಿಂದ ಬರಲಿಲ್ಲ. ಇಂಗ್ಲೆಂಡಿನ ಮಾಜಿ ನಾಯಕ ಮೈಕೆಲ್ ವಾನ್ ಜನಾಂಗೀಯ ಮಾತಾಡಿದರು ಅಂತ ರಫೀಕ್ ಹೇಳಿದ್ದು ಈ ಮಾರ್ಚಿನ ವಿಚಾರಣೆಯಲ್ಲಿ ಸಾಬೀತಾಗಲಿಲ್ಲ. ವಾನ್ ಬಂದು ಕೂತು ಉತ್ತರ ಕೊಟ್ಟರು, ಸಮಿತಿ ಸಾಕ್ಷಿ ಸಾಲದು ಅಂತು, ರಫೀಕ್ ಸುಳ್ಳು ಹೇಳಿದರು ಅಂತಲೂ ಅನ್ನಲಿಲ್ಲ. ಆರೋಪ ಬಂದರೆ ಹೀಗೇ ಆಗಬೇಕು. ಎದುರು ಕೂತು ಕೇಳಬೇಕು. "ಪಾಕಿ" ಅಂತ ಕರೆಯುತ್ತಿದ್ದ ಜೊತೆಗಾರ ಗ್ಯಾರಿ ಬ್ಯಾಲೆನ್ಸ್ ತಾನು ಅಂದದ್ದನ್ನು ಒಪ್ಪಿ, ಆಮೇಲೆ ರಫೀಕ್ ಅವರನ್ನೇ ಕಂಡು ಕ್ಷಮೆ ಕೇಳಿದರು. ರಫೀಕ್ ಮಾತ್ರ ಮನೆಮಂದಿ ಸಮೇತ ಆ ದೇಶ ಬಿಟ್ಟರು. ಯಾರೋ ಮನೆಯ ಅಂಗಳದಲ್ಲಿ ಹೇಲು ಹಾಕಿ ಹೋಗಿದ್ದರಂತೆ.

ಕಳೆದ ತಿಂಗಳು ಅಲ್ಲಿಯ ಕ್ರಿಕೆಟ್ ಬಗ್ಗೆ ಒಂದು ದೊಡ್ಡ ವರದಿ ಬಂತು. 4,000ಕ್ಕೂ ಹೆಚ್ಚು ಜನ ಉತ್ತರ ಕೊಟ್ಟಿದ್ದರು. ಅದರಲ್ಲಿ ಭಾರತ ಮೂಲದವರ ಪೈಕಿ 82% ಜನ ತಾರತಮ್ಯ ಅನುಭವಿಸಿದ್ದೇವೆ ಅಂದಿದ್ದಾರೆ. ಪಾಕಿಸ್ತಾನ, ಬಾಂಗ್ಲಾ ಮೂಲದವರಲ್ಲಿ 87%. ನಮ್ಮ ತಾಲ್ಲೂಕಿನ ಮೈದಾನಗಳಲ್ಲಿ ಹೀಗೆ ಯಾರೂ ಕೇಳಿಕೊಂಡು ಬಂದಿಲ್ಲ.

ಹನ್ನೊಂದು ಗಂಟೆ ಹೊತ್ತಿಗೆ ನಮ್ಮ ಆ ಹಳೇ ಬೌಲರ್‌ಗೆ ಫೋನ್ ಮಾಡೋಣ ಅನ್ನಿಸಿತು. ನಂಬರ್ ಇತ್ತು, ಹೋದ ವರ್ಷ ಗೇಟ್ ಮಾಡಿಸಿದ್ದೆ. ಹುಡುಕಿದರೆ ಫೋನಿನಲ್ಲಿ ಇದ್ದದ್ದು: "ಕರಿಯ ವೆಲ್ಡಿಂಗ್." ರಿಂಗ್ ಆಗುವಷ್ಟು ಹೊತ್ತೂ ಆ ಅಕ್ಷರ ನನ್ನ ಮುಖಕ್ಕೆ ಹೊಳೆಯುತ್ತಾ ಇತ್ತು.

"ಏನೋ ಮಾರಾಯ, ಗೇಟ್ ಕಚ್ಕೊಳ್ತಾ ಇದೆಯಾ?" ಅಂದ.

ಇಲ್ಲ ಅಂದೆ. ಸರ್ಟಿಫಿಕೇಟಿನ ವಿಷಯ ಎತ್ತಿದೆ. ಹಿಂದೆ ಗ್ರೈಂಡರ್ ಸದ್ದು ಇತ್ತು. ಅವನು ಯಾರಿಗೋ ನಿಲ್ಲಿಸೋ ಅಂದ.

"ಇದೆ. ಬೀರುವಿನಲ್ಲಿ ಇಟ್ಟಿದ್ದೀನಿ. ಮಗಳಿಗೆ ಮಾತ್ರ ತೋರಿಸಿಲ್ಲ."

"ಯಾಕೋ?"

"ಅದರಲ್ಲಿ ನನ್ನ ಹೆಸರಿಲ್ವಲ್ಲ. ಏನಂತ ತೋರಿಸ್ಲಿ?"

ತಪ್ಪಾಯ್ತು ಕಣೋ ಅಂದೆ. ಅದಕ್ಕಿಂತ ಬೇರೆ ಮಾತು ಬರಲಿಲ್ಲ. ಅವನು ಪರವಾಗಿಲ್ಲ ಅನ್ನಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ.

"ಫೈನಲಲ್ಲಿ ಎಷ್ಟು ವಿಕೆಟ್ ಅಂತ ಬರೆದಿದ್ದೆ?"

"ಮೂರು."

"ನಾಲ್ಕು ಕಣೋ. ಕೊನೇದು ಬೌಲ್ಡು. ನೀನು ಬರೆಯೋದು ಬಿಟ್ಟು ಮೈಕಲ್ಲಿ ಮಾತಾಡ್ತಾ ಇದ್ದೆ."

ಇನಿಷಿಯಲ್ ಏನು ಅಂತ ಕೇಳಿದೆ, ಹೇಳಿದ. ಇಲ್ಲಿ ಅವನ ಹೆಸರು ಬರೆಯಲಾ ಅಂತಲೂ ಕೇಳಿದೆ. ಬೇಡ ಅಂದ. ಫೋನಿನಲ್ಲಿ ಮಾತ್ರ ಬದಲಾಯಿಸಿದ್ದೇನೆ. ಆ ಸ್ಕೋರ್ ಪುಸ್ತಕ ಅಟ್ಟದ ಮೇಲಿನ ಟ್ರಂಕಿನಲ್ಲಿ ಇರಬೇಕು. ಮಳೆ ಸ್ವಲ್ಪ ನಿಂತ ಮೇಲೆ ಪಕ್ಕದ ಮನೆಯಿಂದ ಏಣಿ ತರಬೇಕು.