1976ರ ಬೆಲ್ ಬಾಟಮ್: ಅಪ್ಪನ ಅಳತೆ ಪುಸ್ತಕದಿಂದ ಮೂರನೆಯ ಪ್ಯಾಂಟು

ಜೂನ್ 7

ಮೂರನೆಯ ಪ್ಯಾಂಟಿನ ಬಟ್ಟೆಗೆ ಇಂದು ಬೆಳಿಗ್ಗೆ ಕತ್ತರಿ ಹಾಕಿದೆ. ಕತ್ತರಿಯೂ ಅಪ್ಪನದೇ. ಹರಿಹರದ ಅವರ ಟೈಲರ್ ಅಂಗಡಿ ಮುಚ್ಚಿದಾಗ ನಾನು ಕೇಳಿ ಇಟ್ಟುಕೊಂಡದ್ದು ಆ ಕತ್ತರಿ ಮತ್ತು ಅಳತೆ ಪುಸ್ತಕಗಳನ್ನು ಮಾತ್ರ. ಉದ್ದನೆಯ ಲೆಕ್ಕದ ಪುಸ್ತಕಗಳು. ಪ್ರತಿ ಪುಟದಲ್ಲೂ ಹೆಸರು, ಅಳತೆ, ಕೊಡುವ ದಿನ. ಪಕ್ಕದಲ್ಲಿ ಗುಂಡುಸೂಜಿಯಿಂದ ಚುಚ್ಚಿಟ್ಟ ಬಟ್ಟೆಯ ಚೂರು. ಸೂಜಿಗಳು ತುಕ್ಕು ಹಿಡಿದು ಕಾಗದದ ಮೇಲೆ ಕಂದು ಕಲೆ ಬಿದ್ದಿದೆ. ಚೂರುಗಳ ಬಣ್ಣ ಮಾತ್ರ ಹಾಗೆಯೇ ಇದೆ: ಪಾಚಿ ಹಸಿರು, ಇಟ್ಟಿಗೆ ಕೆಂಪು, ಬೂದು, ಜೇನುಬಣ್ಣದ ಚೌಕಳಿ.

ಬಾಟಮ್ (ಪಾದದ ಬಳಿಯ ಸುತ್ತಳತೆ) ಎಂದು ಬರೆದ ಕಾಲಂ ಒಂದನ್ನೇ ಹಿಡಿದು ಪುಟ ತಿರುವಿದರೆ ನಮ್ಮೂರಿನ ಹುಡುಗರ ಹತ್ತು ವರ್ಷದ ಷೋಕಿ ಕಣ್ಣಿಗೆ ಬೀಳುತ್ತದೆ. 1971ರಲ್ಲಿ 15, 16 ಅಂಗುಲ. 1974ಕ್ಕೆ 20, 22. 1976ರ ದೀಪಾವಳಿಯ ಹೊತ್ತಿಗೆ 24ಕ್ಕಿಂತ ಕಡಿಮೆ ಬರೆಸಿದವರು ವಯಸ್ಸಾದವರು ಮಾತ್ರ. ಒಬ್ಬ ಹುಡುಗನದು 28. 1981ರ ಪುಸ್ತಕದಲ್ಲಿ ಮತ್ತೆ 16ಕ್ಕೆ ಇಳಿದಿದೆ.

ನಾನು ಹೊಲಿಯುತ್ತಿರುವುದು ನಮ್ಮ ಅಣ್ಣನ ಪುಟದ ಪ್ಯಾಂಟನ್ನು. ಉದ್ದ 40, ಸೊಂಟ 28, ಸೀಟು 35, ತೊಡೆ 21, ಮೊಣಕಾಲು 17, ಬಾಟಮ್ 24. ಬಟ್ಟೆಯ ಚೂರು ಪಾಚಿ ಹಸಿರು ಟೆರಿಕಾಟ್. ಅದೇ ಬಣ್ಣ ಹುಡುಕಿಕೊಂಡು ದಾವಣಗೆರೆಯಲ್ಲಿ ಮೂರು ಬಟ್ಟೆ ಅಂಗಡಿ ಸುತ್ತಿದೆ. ಕೊನೆಗೆ ಸಿಕ್ಕಿದ್ದು 67 ಪಾಲು ಪಾಲಿಯೆಸ್ಟರ್, 33 ಪಾಲು ಹತ್ತಿ ಬೆರೆತದ್ದು, ಒಂದು ಮೀಟರ್ 30 ಸೆಂಟಿಮೀಟರ್. ಬಣ್ಣ ಅರ್ಧ ಛಾಯೆ ತಿಳಿ. ಬಟ್ಟೆ ಕೊಳ್ಳುವುದು ಮೀಟರಿನಲ್ಲಿ, ಕತ್ತರಿಸುವುದು ಅಂಗುಲದಲ್ಲಿ. ಅಪ್ಪನ ಕಾಲದಲ್ಲೂ ಹೀಗೆಯೇ ಇತ್ತು, ಈಗಲೂ ಹೀಗೆಯೇ ಇದೆ.

ಮೊದಲ ಪ್ಯಾಂಟು ಎಲ್ಲಿ ಕೆಟ್ಟಿತೆಂದು ಬರೆದಿಡಬೇಕು. ಮಾಮೂಲಿ ಪ್ಯಾಂಟಿನ ಕಾಗದದ ಅಚ್ಚು ಇಟ್ಟುಕೊಂಡು ಮೊಣಕಾಲಿನ ಕೆಳಗೆ ಹೊರಬದಿಗೆ ಮಾತ್ರ ಅಗಲ ಕೂಡಿಸಿದ್ದೆ. ಹೊಲಿದು ನೇತುಹಾಕಿದಾಗ ಇಸ್ತ್ರಿಯ ಗೆರೆ ಮೊಣಕಾಲಿನವರೆಗೆ ನೇರವಾಗಿ ಬಂದು ಅಲ್ಲಿಂದ ಪಕ್ಕಕ್ಕೆ ತಿರುಚಿಕೊಂಡಿತು. ಅಪ್ಪನ ಲೆಕ್ಕ ಬೇರೆ. ಮೊಣಕಾಲು 17, ಬಾಟಮ್ 24, ವ್ಯತ್ಯಾಸ 7. ಒಂದು ಕಾಲಿಗೆ ಮುಂದಿನ ತುಂಡು, ಹಿಂದಿನ ತುಂಡು. ಒಂದೊಂದಕ್ಕೂ ಎರಡೆರಡು ಬದಿ. ಏಳನ್ನು ನಾಲ್ಕಕ್ಕೆ ಹಂಚಿದರೆ ಪ್ರತಿ ಬದಿಗೆ ಒಂದೂಮುಕ್ಕಾಲು ಅಂಗುಲ. ಆಗ ನಡುವಿನ ಗೆರೆ ತೊಡೆಯಿಂದ ಪಾದದವರೆಗೆ ತೂಗುಗುಂಡಿನ ದಾರದಂತೆ ಇಳಿಯುತ್ತದೆ. ಅಗಲ ಶುರುವಾಗುವ ಜಾಗವೂ ಮುಖ್ಯ: ಒಳಗಾಲಿನ ಉದ್ದದ ಅರ್ಧಕ್ಕಿಂತ ಎರಡು ಅಂಗುಲ ಮೇಲೆ. ಅದಕ್ಕಿಂತ ಮೇಲಿನಿಂದ ಬಿಟ್ಟರೆ ಆನೆಕಾಲು ಆಗುತ್ತದೆ, ಬೆಲ್ ಆಗುವುದಿಲ್ಲ.

ಎರಡನೆಯದರ ಕಟಿಂಗ್ ಸರಿ ಬಂತು, ದಾರ ಕೈಕೊಟ್ಟಿತು. ಹತ್ತಿ ದಾರದಲ್ಲಿ ಹೊಲಿದಿದ್ದೆ. ಒಮ್ಮೆ ಒಗೆದದ್ದೇ ತಡ, ದಾರ ಕುಗ್ಗಿತು, ಬಟ್ಟೆ ಕುಗ್ಗಲಿಲ್ಲ. ಹೊಲಿಗೆಯುದ್ದಕ್ಕೂ ಸಣ್ಣ ಸುಕ್ಕು. ಈ ಸಲ ಪಾಲಿಯೆಸ್ಟರ್ ದಾರ ತಂದಿದ್ದೇನೆ.

ಜೂನ್ 14

ಕಾಲುಗಳು ಕೂಡಿದವು. ಮುಂದಿನ ಜೇಬು, ಜಿಪ್ಪು, ಎರಡು ಅಂಗುಲ ಅಗಲದ ಸೊಂಟಪಟ್ಟಿ, ಅದರೊಳಗೆ ಬಿಗಿ ಕೊಡುವ ಬಕ್ರಮ್ ಬಟ್ಟೆ ಎಲ್ಲ ಮುಗಿದಿದೆ. ಹಿಂದಿನ ಜೇಬಿನ ಮುಚ್ಚಳಕ್ಕೆ ಕಾಜಾ (ಗುಂಡಿ ತೂರುವ ಸೀಳು) ಮಾತ್ರ ಕೈಯಲ್ಲೇ ಹಾಕಿದೆ.

1976ರಲ್ಲಿ ನನಗೆ 16. ಲಂಗ ದಾವಣಿ ತೊಟ್ಟು ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಕಾಜಾ ಹಾಕುವುದು, ಗುಂಡಿ ಹೊಲಿಯುವುದು ನನ್ನ ಕೆಲಸ. ನಾಯಿಕಿವಿ ಕಾಲರಿನ ಅಂಗಿಗಳ ರಾಶಿಯೇ ಇರುತ್ತಿತ್ತು, ಒಂದು ಅಂಗಿಗೆ ಎಂಟು ಕಾಜಾ. ಸೀಳಿದ ಅಂಚಿಗೆ ಮೊದಲು ಎರಡೆಳೆ ದಾರ ಹಾಸಬೇಕು. ಅದರ ಮೇಲೆ ಮೇಣ ಹಚ್ಚಿದ ದಾರದಿಂದ ಒಂದರ ಪಕ್ಕ ಒಂದು ಗಂಟು ಕೂರಿಸುತ್ತ ಬರಬೇಕು. ಗಂಟು ಅಂಚಿನ ನೆತ್ತಿಯ ಮೇಲೆ ಕೂರದೆ ಪಕ್ಕಕ್ಕೆ ಸರಿದರೆ ಅಪ್ಪ ಮಾತಾಡದೆ ಬಿಚ್ಚಿ ಕೈಗೆ ಕೊಡುತ್ತಿದ್ದರು. ಇಂದು ಒಂದು ಕಾಜಾಕ್ಕೆ ಇಪ್ಪತ್ತೈದು ನಿಮಿಷ ಹಿಡಿಯಿತು. ಬೆರಳುಗಳಿಗೆ ದಾರಿ ಮರೆತಿಲ್ಲ, ಅದೇ ದೊಡ್ಡ ಸಂತೋಷ.

ಕಿರ್ಲೋಸ್ಕರ್ ಕಾರ್ಖಾನೆಯ ಹುಡುಗರ ಕೈಗೆ ಬೋನಸ್ ಬಂದ ವಾರ ನಮ್ಮ ಮನೆಯಲ್ಲಿ ದೀಪ ಆರುತ್ತಿರಲಿಲ್ಲ. 1941ರಲ್ಲಿ ನಮ್ಮೂರಿಗೆ ಬಂದ, ಲೇತ್ ಯಂತ್ರ ಮಾಡುತ್ತಿದ್ದ ಕಾರ್ಖಾನೆ ಅದು. ಹೊಳೆಯಾಚೆ ಕುಮಾರಪಟ್ಟಣದಲ್ಲಿ ಪಾಲಿಫೈಬರ್ಸ್ ಕಾರ್ಖಾನೆ ಶುರುವಾದದ್ದು 1972ರಲ್ಲಿ. ಅಲ್ಲಿಂದಲೂ ಗಿರಾಕಿಗಳು ಬರುತ್ತಿದ್ದರು. ನೀಲಗಿರಿ ಮರದ ತಿರುಳಿನಿಂದ ಬಟ್ಟೆಯ ನೂಲಾಗುತ್ತದೆ ಎಂದು ಅವರು ಹೇಳಿದಾಗ ನಾನು ನಂಬಿರಲಿಲ್ಲ. ಯಂತ್ರದ ಗ್ರೀಸು ಉಗುರಿನಿಂದ ಹೋಗಿರದ ಕೈಯಲ್ಲಿ ಆ ಹುಡುಗರು ಬಟ್ಟೆಯನ್ನು ಎಷ್ಟು ಜೋಪಾನವಾಗಿ ಬಿಡಿಸಿ ಅಪ್ಪನ ಮೇಜಿನ ಮೇಲೆ ಹಾಸುತ್ತಿದ್ದರು! ವಿಷ್ಣುವರ್ಧನ್ ಸಿನಿಮಾ ನೋಡಿ ಬಂದವರು ನೇರವಾಗಿ ಅಂಗಡಿಗೇ ಬಂದು, ಬಾಟಮ್ ಇನ್ನೂ ಒಂದಂಗುಲ ಬಿಡಿ ಎನ್ನುತ್ತಿದ್ದರು.

ಜೂನ್ 19

ಪಾದದ ಅಂಚು ಮಡಿಸುವುದಕ್ಕೆ ಇಡೀ ಸಂಜೆ ಹೋಯಿತು. ಕೆಳಗೆ ಹೋದಂತೆ ಅಗಲವಾಗುವ ಬಟ್ಟೆಯನ್ನು ನೇರವಾಗಿ ಕತ್ತರಿಸಿ ಮೇಲಕ್ಕೆ ಮಡಿಸಿದರೆ, ಮಡಿಕೆಯ ಸುತ್ತಳತೆ ಹೆಚ್ಚಾಗಿ, ಅದು ಕೂರಬೇಕಾದ ಜಾಗ ಕಿರಿದಾಗಿರುತ್ತದೆ. ಎಲ್ಲೆಡೆ ನೆರಿಗೆ ಬೀಳುತ್ತದೆ. ಅದಕ್ಕೆ ಮಡಿಕೆಯ ಎರಡಂಗುಲವನ್ನು ಗೆರೆಯಿಂದ ಕೆಳಗೆ ಮತ್ತೆ ಒಳಕ್ಕೆ ಎಳೆದು ಕತ್ತರಿಸಬೇಕು, ಮೇಲಿನ ಓರೆಯ ಪ್ರತಿಬಿಂಬದಂತೆ. ಇಸ್ತ್ರಿಗೆ ಒದ್ದೆ ಪಂಚೆಯ ತುಂಡು ಹಾಸಿಕೊಂಡೆ. ಅಪ್ಪನ ಕೆಂಡದ ಇಸ್ತ್ರಿಪೆಟ್ಟಿಗೆ ಒಮ್ಮೆ ಒಬ್ಬರ ಟೆರಿಕಾಟಿನ ಮೇಲೆ ಗಳಿಗೆ ಹೆಚ್ಚು ನಿಂತು, ಬಟ್ಟೆ ಸಕ್ಕರೆ ಪಾಕದಂತೆ ಕರಗಿದ್ದನ್ನು ನೋಡಿದ್ದೇನೆ. ಹೊಸ ಬಟ್ಟೆಯನ್ನು ಅಪ್ಪನೇ ಕೊಡಿಸಿದರು.

ಜೂನ್ 22

ಅಣ್ಣನ ಮೊಮ್ಮಗನಿಗೆ ಸೊಂಟ 28 ಸರಿಯಾಗಿ ಹಿಡಿಯಿತು. ಅಟ್ಟೆ ದಪ್ಪದ ಶೂ ಹಾಕಿಸಿ ಪಡಸಾಲೆಯಲ್ಲಿ ನಡೆಸಿದೆವು. ಹೆಜ್ಜೆ ಎತ್ತಿದಾಗ ಬಟ್ಟೆ ಒಂದು ಗಳಿಗೆ ತಡವಾಗಿ ಹಿಂದೆ ಬಂದು, ಪಾದ ಊರಿದ ಮೇಲೆ ಮುಂದಕ್ಕೆ ತೂಗಿತು. ಅದೇ ಆ ತೂಗು. ಗೆರೆ ತಿರುಚಲಿಲ್ಲ, ಹೊಲಿಗೆ ಸುಕ್ಕಾಗಲಿಲ್ಲ.

ಅಣ್ಣ ಕನ್ನಡಕ ಹಾಕಿಕೊಂಡು ನೆಲದ ಮೇಲೆ ಕೂತು ಅಂಚನ್ನು ಹಿಡಿದು ನೋಡಿದ.

"ಹಿಂದೆ ಇನ್ನರ್ಧ ಅಂಗುಲ ಇಳಿಯಬೇಕು ಕಣಮ್ಮ. ನಿಂತಾಗ ಹಿಮ್ಮಡಿ ಕಾಣಬಾರದು. ಮುಂದೆ ಮಾತ್ರ ಶೂ ಮೇಲೆ ಕೂರುವಷ್ಟು."

"ಪುಸ್ತಕದಲ್ಲಿ ಒಂದೇ ಉದ್ದ ಬರೆದಿದೆಯಲ್ಲ ಅಣ್ಣ."

"ಅಪ್ಪ ಅದನ್ನು ಯಾಕೆ ಬರೆಯುತ್ತಾರೆ? ಕತ್ತರಿಸುವಾಗ ಅವರ ಕೈಯೇ ಬಾಗುತ್ತಿತ್ತು."

ಪುಟದಲ್ಲಿ ಇಲ್ಲದ ಇಂಥವು ಇನ್ನೆಷ್ಟಿವೆಯೋ. ಅಣ್ಣನನ್ನು ಕೂರಿಸಿಕೊಂಡು ಒಂದೊಂದನ್ನೂ ಕೇಳಿ ಬರೆದುಕೊಳ್ಳುತ್ತಿದ್ದೇನೆ. ಅಂಚಿನ ಜಿಪ್ಪನ್ನು ನೆನಪಿಸಿದ್ದೂ ಅವನೇ. ಪ್ಯಾಂಟು ನೆಲ ಸವರುತ್ತಿದ್ದುದರಿಂದ ಹಿಂದಿನ ಅಂಚು ತಿಂಗಳಲ್ಲಿ ಪಿಸಿದುಹೋಗುತ್ತಿತ್ತು. ಹಿತ್ತಾಳೆ ಹಲ್ಲಿನ ಜಿಪ್ಪನ್ನು ಎರಡು ಪಟ್ಟಿಯಾಗಿ ಬಿಡಿಸಿ, ಹಲ್ಲು ಮಾತ್ರ ನೂಲಿನಷ್ಟು ಕೆಳಗೆ ಇಣುಕುವಂತೆ ಅಂಚಿನ ಒಳಗೆ ಹೊಲಿಯುತ್ತಿದ್ದೆವು. ಸಿಮೆಂಟು ನೆಲದ ಮೇಲೆ ಅದು ಕರಕರ ಎನ್ನುತ್ತಿತ್ತು. ಅಣ್ಣ ಕಾಲೇಜಿನಿಂದ ಬಂದದ್ದು ಅಡುಗೆಮನೆಯಲ್ಲಿದ್ದ ಅಮ್ಮನಿಗೆ ಆ ಸದ್ದಿನಿಂದಲೇ ತಿಳಿಯುತ್ತಿತ್ತು.

ಮಡಿಕೆಯಲ್ಲಿ ಎರಡಂಗುಲ ಬಿಟ್ಟಿರುವುದರಿಂದ ಹಿಂದೆ ಅರ್ಧ ಅಂಗುಲ ಇಳಿಸಲು ಬಟ್ಟೆ ಇದೆ. ಶನಿವಾರ ಅಂಚು ಬಿಚ್ಚುತ್ತೇನೆ. ಗುಂಡಿ ಡಬ್ಬಿಯಲ್ಲಿ ಏಳಂಗುಲದ ಹಿತ್ತಾಳೆ ಜಿಪ್ಪು ಒಂದು ಸಿಕ್ಕಿದೆ. ಕಾಲಿಗೆ ಎರಡು ಪಟ್ಟಿಯಂತೆ ಎರಡು ಜಿಪ್ಪು ಬೇಕು. ಇನ್ನೊಂದಕ್ಕೆ ನಾಳೆ ಪೇಟೆಗೆ ಹೋಗಬೇಕು.